ಆರನೆಯ ಸಾಲಿನ ಅಜ್ಜ

ಆಫೀಸಿನವರೆಲ್ಲ ಅವಳನ್ನು ಜರಡಿಯಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆಯೂ ಹಾಗೆಯೇ, ಎದುರಿಗೂ ಹಾಗೆಯೇ. ಎದುರಿಗೆ ಕರೆಯುವಾಗ ಜೊತೆಗೊಂದು ನಗು ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ಮೊಬೈಲ್ ಆ್ಯಪ್‌ಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ನಲವತ್ತಾರು ವರ್ಷ, ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಕನ್ನಡಕ, ಮೇಜಿನ ಮೇಲೆ ಗಾಜು ಸೀಳಿದ ಎರಡು ಹಳೆಯ ಫೋನು, ಒಂದು ಪೆನ್ಸಿಲು.

ಇದಕ್ಕೂ ಮೊದಲು ಹನ್ನೊಂದು ವರ್ಷ ಅವಳು ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಿಂತು ಕಾಗದ ವಿಂಗಡಿಸಿದ್ದಳು. ಗೋಡೆಯುದ್ದಕ್ಕೂ ಮರದ ಗೂಡುಗಳು, ಬೀದಿಗೊಂದು ಗೂಡು. ಯಂತ್ರ ಬಂತು, ಗೂಡುಗಳನ್ನು ಕಿತ್ತುಹಾಕಿದರು. ಎರಡು ವರ್ಷ ಸಂಜೆ ತರಗತಿಗೆ ಹೋಗಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ಪಕ್ಕದಲ್ಲಿ ಕೂತು ಈ ವಿದ್ಯೆ ಕಲಿತಳು. ಸಿಟ್ಟು ಮಾತ್ರ ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು. ಕೂಗಾಡುವ ಸಿಟ್ಟಲ್ಲ; ಮಾತಿಲ್ಲದೆ ಪೆನ್ಸಿಲ್ ಕೆತ್ತುತ್ತಾ ಕೂರುವ ಸಿಟ್ಟು. ಪೆನ್ಸಿಲ್ ಗಿಡ್ಡವಾದಷ್ಟೂ ಯಾರದೋ ಗ್ರಹಚಾರ ಕೆಟ್ಟಿದೆ ಎಂದು ಆಫೀಸಿನವರು ದೂರ ದೂರ ಓಡಾಡುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಳ್ಳುತ್ತಿದ್ದಾಗ ನಾದಿನಿ ಬಂದಳು. ಗಂಡನ ತಂಗಿ, ಮನೆಮನೆಗೆ ಹೋಗಿ ವಯಸ್ಸಾದವರಿಗೆ ಮದ್ದು ಕೊಡುವ ನರ್ಸು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕಾಗದ ಚಾಚಿದಳು.

"ಅತ್ತಿಗೆ, ಇದಕ್ಕೆ ಸಹಿ ಹಾಕ್ಬೇಕಂತೆ. ನಾಳೆ ಹನ್ನೊಂದು ಗಂಟೆಗೆ."

ಜರಡಿಯಕ್ಕ ಕೈ ಒರೆಸಿಕೊಂಡು ಓದಿದಳು. 'ಸೋಮವಾರ ಬೆಳಿಗ್ಗೆ ರೋಗಿಗೆ ಇನ್ಸುಲಿನ್ ಕೊಟ್ಟ ನಂತರ ದಾಖಲಿಸಲು ಮರೆತಿದ್ದೇನೆ. ನನ್ನ ನಿರ್ಲಕ್ಷ್ಯದಿಂದ ರೋಗಿಯ ಜೀವಕ್ಕೆ ಅಪಾಯವಾಯಿತು.'

ಆಗಿದ್ದು ಇಷ್ಟು. ಬಟ್ಟೆ ಹೊಲಿಯುವುದನ್ನು ಬಿಟ್ಟು ಹತ್ತು ವರ್ಷವಾದ ಒಬ್ಬ ದರ್ಜಿ ಅಜ್ಜನಿಗೆ ನಾದಿನಿ ಸೂಜಿ ಚುಚ್ಚಿ, ಫೋನಿನಲ್ಲಿ 'ಕೊಟ್ಟಾಯಿತು' ಎಂದು ಒತ್ತಿ ಬಂದಿದ್ದಳು. ಮಧ್ಯಾಹ್ನದ ಪಾಳಿಯ ನರ್ಸು ನೋಡಿದಾಗ ಅಜ್ಜನ ಹೆಸರಿನ ಮುಂದೆ 'ಬಾಕಿ' ಎಂದಿತ್ತು. ಅವಳು ಇನ್ನೊಂದು ಸಲ ಚುಚ್ಚಿದಳು. ಸಕ್ಕರೆ ಇಳಿದು ಅಜ್ಜ ಬಚ್ಚಲಲ್ಲಿ ಬಿದ್ದ. ಬದುಕಿದ್ದು ಪಕ್ಕದ ಮನೆಯವರ ಪುಣ್ಯ. ನಾದಿನಿ ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಇನ್ನೆಲ್ಲೂ ನರ್ಸಾಗಿ ಸೇರಿಸಿಕೊಳ್ಳುವುದಿಲ್ಲ. ಹಾಕದಿದ್ದರೆ ಪೊಲೀಸರಿಗೆ ದೂರು.

"ಒತ್ತಿದ್ದೆ ಅತ್ತಿಗೆ, ನನ್ನ ಕಣ್ಣಾಣೆ. ಆದ್ರೆ ಎಲ್ರೂ ಮರ್ತಿದ್ದೀಯ, ಮರ್ತಿದ್ದೀಯ ಅಂದೂ ಅಂದೂ ಈಗ ನನಗೇ ಅನುಮಾನ ಬಂದ್ಬಿಟ್ಟಿದೆ."

"ನೀನು ಮರೀತೀಯಾ? ನಾನು ಈ ಮನೆಗೆ ಬಂದ ವರ್ಷ ನಿನಗೆ ಅಂದ ಒಂದು ಮಾತನ್ನ ಇವತ್ತಿಗೂ ತಾರೀಕು ಸಮೇತ ಹೇಳ್ತೀಯ."

"ಅಂದಿದ್ದು ನಿಜ ತಾನೆ?"

"ನಿಜ. ಅದಕ್ಕೇ ಹೇಳ್ತಿರೋದು. ಸಹಿ ಗಿಹಿ ಹಾಕ್ಬೇಡ. ಕಾಗದ ಇಲ್ಲಿಡು."

ಆ ನರ್ಸುಗಳ ಫೋನಿನ ಆ್ಯಪ್ ಮಾಡಿಕೊಟ್ಟದ್ದು ಜರಡಿಯಕ್ಕನ ಆಫೀಸೇ. ಒಂದಲ್ಲ, ಎರಡು ಆ್ಯಪ್. ಒಂದರಲ್ಲಿ ರೋಗಿಗಳ ಪಟ್ಟಿ ಇರುತ್ತದೆ. ಹೊಸಬರು ಸೇರಿದರೆ ನರ್ಸುಗಳ ಸಂಸ್ಥೆಯಿಂದ ಹೆಸರು ತಾನಾಗಿ ಅದಕ್ಕೆ ಬಂದು ಬೀಳುತ್ತದೆ. ಇನ್ನೊಂದರಲ್ಲಿ ನರ್ಸು ಭೇಟಿಯ ವಿವರ ಒತ್ತುತ್ತಾಳೆ. ಎರಡರ ನಡುವೆ ಮಾಹಿತಿ ಹಂಚುವ ಒಂದು ಭಾಗವಿದೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಲ್ಲಿ ಕಿಂಡಿ ಇಟ್ಟ ಹಾಗೆ: ಒಳಗೆ ಯಾರೂ ಕಾಲಿಡುವಂತಿಲ್ಲ, ಬೇಕಾದ್ದನ್ನು ಕಿಂಡಿಯಲ್ಲಿ ಕೇಳಬೇಕು, ಕೊಡಬೇಕಾದ್ದನ್ನು ಕಿಂಡಿಯಲ್ಲೇ ಕೊಡಬೇಕು. ಆಫೀಸಿನಲ್ಲೂ ಅದಕ್ಕೆ ಕಿಂಡಿ ಎಂದೇ ಹೆಸರು ಬಿದ್ದಿತ್ತು. ಅದನ್ನು ಬರೆದವನು ತಂಡದ ಯಜಮಾನ, ಮೂವತ್ತರ ಹರೆಯದವನು. ಏನು ಹೇಳಿದರೂ 'ಆಗುತ್ತೆ ಬಿಡಿ' ಎನ್ನುತ್ತಿದ್ದುದರಿಂದ ಅವನ ಹೆಸರೇ ಆಗುತ್ತೆಬಿಡಿ ಎಂದಾಗಿತ್ತು.

"ಅಕ್ಕಾ, ಕಿಂಡಿಯಲ್ಲಿ ಏನೂ ತೊಂದ್ರೆ ಇಲ್ಲ. ನನ್ನ ಫೋನಲ್ಲಿ ಚೆನ್ನಾಗೇ ಓಡ್ತಿದೆ," ಎಂದ ಅವನು, ಅವಳು ಆಫೀಸಿಗೆ ಹೋಗಿ ಕೇಳಿದಾಗ.

"ಅಜ್ಜನಿಗೆ ಸೂಜಿ ಚುಚ್ಚಿದ್ದು ನಿಮ್ಮ ಫೋನಲ್ಲಲ್ಲ."

"ನಿಮ್ಮ ನಾದಿನಿ ಅಂತ ನಿಮಗೆ ಹಾಗನ್ಸುತ್ತೆ."

ಜರಡಿಯಕ್ಕ ಪೆನ್ಸಿಲ್ ಕೈಗೆ ತೆಗೆದುಕೊಂಡಳು.

ಸೋಮವಾರದ ದಾಖಲೆಯನ್ನು ಸಂಸ್ಥೆಯವರು ಕಳಿಸಿದ್ದರು. ಎಲ್ಲರೂ ದರ್ಜಿ ಅಜ್ಜನ ಸಾಲನ್ನೇ ನೋಡಿ, ಏನೂ ಇಲ್ಲ ಎಂದು ಮುಚ್ಚಿದ್ದರು. ಅಂಚೆ ಕೋಣೆಯಲ್ಲಿ ಕಾಗದ ಕಾಣೆಯಾಯಿತೆಂದು ಯಾರಾದರೂ ಬಂದರೆ ಅವಳು ಅವರ ಬೀದಿಯ ಗೂಡಿಗೆ ಕೈ ಹಾಕುತ್ತಲೇ ಇರಲಿಲ್ಲ. ಇಲ್ಲದ್ದಕ್ಕೇ ತಾನೆ ಅವರು ಬಂದದ್ದು? ನೇರ ಪಕ್ಕದ ಗೂಡಿಗೆ, ಮೇಲಿನ ಗೂಡಿಗೆ, ಕೆಳಗಿನ ಗೂಡಿಗೆ ಕೈ ಹಾಕುತ್ತಿದ್ದಳು. ಈಗಲೂ ಹಾಗೇ ಮಾಡಿದಳು. ಅಜ್ಜನ ಮೇಲಿನ ಸಾಲಿನಲ್ಲಿ ಟೈಪಿಸ್ಟ್ ಆಗಿದ್ದ ಒಬ್ಬ ಅಜ್ಜಿ. ಹತ್ತು ಗಂಟೆ ಹದಿನಾರು ನಿಮಿಷಕ್ಕೆ ಅವಳ ಹೆಸರಿನಲ್ಲಿ 'ಇನ್ಸುಲಿನ್, ಕೊಟ್ಟಾಯಿತು'.

ಆ ಅಜ್ಜಿಗೆ ಇದ್ದದ್ದು ಮಂಡಿನೋವು. ಸಕ್ಕರೆ ಕಾಯಿಲೆ ಇರಲೇ ಇಲ್ಲ.

ಜರಡಿಯಕ್ಕ ಪೆನ್ಸಿಲ್ ಕೆತ್ತತೊಡಗಿದಳು. ಇದು ಮೂರು ದಿನದಿಂದ ಇಲ್ಲೇ ಬಿದ್ದಿತ್ತು. ಕಣ್ಣಿರುವವರು ಯಾರು ಬೇಕಾದರೂ ನೋಡಬಹುದಿತ್ತು. ನೋಡುವ ಬದಲು ಒಬ್ಬಳ ಕೈಗೆ ಕಾಗದ ಕೊಟ್ಟು ಸಹಿ ಹಾಕು ಎಂದಿದ್ದರು.

ಆದರೆ ತಪ್ಪನ್ನು ಕಣ್ಣೆದುರು ಮಾಡಿ ತೋರಿಸದೆ ಆಫೀಸಿನಲ್ಲಿ ಯಾರೂ ಒಪ್ಪುವುದಿಲ್ಲ. ಎರಡು ಫೋನು ಮುಂದಿಟ್ಟುಕೊಂಡು ಹನ್ನೊಂದು ಸಲ ಒತ್ತಿದಳು. ಹನ್ನೊಂದು ಸಲವೂ ಸರಿಯಾದವರಿಗೇ ಹೋಯಿತು. ಆಫೀಸಿನ ಪಟ್ಟಿಯಲ್ಲಿದ್ದದ್ದೇ ಮೂರು ಹೆಸರು: ಟೆಸ್ಟ್ ಒಂದು, ಟೆಸ್ಟ್ ಎರಡು, ಟೆಸ್ಟ್ ಮೂರು. ಮೂರು ತಿಂಗಳಿಂದ ಅದೇ ಮೂರು. ಅಲ್ಲಿ ಯಾರೂ ಹೊಸದಾಗಿ ಸೇರುವುದಿಲ್ಲ, ಯಾರೂ ಸಾಯುವುದಿಲ್ಲ.

ಹೊಸದಾಗಿ ಸೇರುವುದಿಲ್ಲ ಎಂದುಕೊಂಡಾಗ ಪೆನ್ಸಿಲ್ ನಿಂತಿತು. ಸೋಮವಾರದ ದಾಖಲೆಯನ್ನು ಮತ್ತೆ ತೆಗೆದಳು. ಹತ್ತು ಹದಿನಾಲ್ಕಕ್ಕೆ, ನಾದಿನಿ ಅಜ್ಜನ ಪುಟ ತೆರೆದಿಟ್ಟುಕೊಂಡು ಸೂಜಿ ಚುಚ್ಚುತ್ತಿದ್ದ ಹೊತ್ತಿಗೆ ಸರಿಯಾಗಿ, ಹೊಸ ರೋಗಿಯೊಬ್ಬ ಸೇರಿದ್ದ. ಹೆಸರು 'ಅ'ದಿಂದ ಶುರು. ಅಕ್ಷರದ ಪ್ರಕಾರ ಅವನು ಪಟ್ಟಿಯ ತಲೆಗೆ ಹೋಗಿ ಕೂತ, ಉಳಿದವರೆಲ್ಲ ಒಂದೊಂದು ಸಾಲು ಕೆಳಗಿಳಿದರು.

ಪ್ರತಿ ರೋಗಿಗೂ ಬದಲಾಗದ ಒಂದು ನಂಬರು ಇದೆ, ಮನೆಗೆ ಬಾಗಿಲ ನಂಬರು ಇದ್ದ ಹಾಗೆ. ಕಿಂಡಿಯಲ್ಲಿ ಅದನ್ನು ಹೇಳಬೇಕಿತ್ತು. ಆಗುತ್ತೆಬಿಡಿ ಬೇಗ ಮುಗಿಯಲಿ ಎಂದು 'ಆರನೆಯ ಸಾಲಿನವರು' ಎಂದು ಬರೆದಿದ್ದ. ನಾದಿನಿಯ ಫೋನಿನ ಪುಟದ ಮೇಲೆ ಅಜ್ಜನ ಹೆಸರೇ ಕಾಣುತ್ತಿತ್ತು. ಪಾಪ, ಅವಳು ಒತ್ತಿದಳು. ಅಷ್ಟರಲ್ಲಿ ಅಜ್ಜ ಏಳನೆಯವನಾಗಿದ್ದ. ಆರನೆಯ ಸಾಲಿಗೆ ಮಂಡಿನೋವಿನ ಅಜ್ಜಿ ಇಳಿದಿದ್ದಳು.

ಜರಡಿಯಕ್ಕ ಸೋಮವಾರದ ಪಟ್ಟಿಯಿಂದ ಎಂಟು ಹೆಸರು ಸೇರಿಸಿ, ಅಜ್ಜನ ಪುಟ ತೆರೆದಿಟ್ಟು, ಒಂಬತ್ತನೆಯ ಹೆಸರನ್ನು ಪಟ್ಟಿಯ ತಲೆಗೆ ಹಾಕಿ ಒತ್ತಿದಳು. ತಪ್ಪಿತು. ಬರೆದದ್ದು ಮೇಲಿನ ಸಾಲಿನವರಿಗೆ ಹೋಯಿತು. ಇನ್ನೊಮ್ಮೆ ಒತ್ತಿದಳು. ತಪ್ಪಿತು.

ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಇದನ್ನು ಅವಳು ಮೊದಲೇ ನೋಡಿದ್ದಳು.

ಹಳೆಯ ದೂರುಗಳನ್ನು ತೆಗೆದರೆ, ನಾಲ್ಕು ತಿಂಗಳ ಹಿಂದಿನದು, ಅವಳದೇ ಮಾತು: 'ಪುಟ ತೆರೆದಿದ್ದಾಗ ಹೊಸಬರು ಸೇರಿದರೆ ಬರೆದದ್ದು ಬೇರೆಯವರಿಗೆ ಹೋದಂತೆ ಕಂಡಿತು. ಒಂದೇ ಸಲ.' ಅದರ ಕೆಳಗೆ ಆಗುತ್ತೆಬಿಡಿಯ ಮಾತು: 'ನನ್ನಲ್ಲಿ ಬರಲಿಲ್ಲ. ಮುಚ್ಚಬಹುದು.' ಅದರ ಕೆಳಗೆ ಅವಳ ಹೆಸರು: 'ಒಪ್ಪಿದೆ.' ಅಂದು ಸಂಜೆ ಆ್ಯಪ್ ನರ್ಸುಗಳ ಕೈಗೆ ಹೋಗಬೇಕಿತ್ತು. ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಂಡು ಅವಳ ಕುರ್ಚಿಯ ಹಿಂದೆ ನಿಂತಿದ್ದರು. ಒಪ್ಪಿಬಿಟ್ಟಿದ್ದಳು.

ಆಗುತ್ತೆಬಿಡಿ ಅವಳ ಭುಜದ ಮೇಲಿಂದ ಅದನ್ನು ಓದಿದ. ದನಿ ಇಳಿಸಿ, "ಮುಚ್ಚೋಕೆ ಒಪ್ಪಿದ್ದು ನೀವೇ ಅಲ್ವಾ ಅಕ್ಕಾ. ಈ ಹಳೇದನ್ನೆಲ್ಲ ಯಾಕೆ ತೆಗೀತೀರಾ? ತಪ್ಪು ಇವತ್ತು ಸಿಕ್ಕಿತು ಅನ್ನೋಣ. ನಿಮ್ಮ ನಾದಿನಿನೂ ಬಚಾವು, ನಾವೂ ಬಚಾವು," ಎಂದ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಆ ಹಳೆಯ ದೂರನ್ನು ಪ್ರಿಂಟ್ ತೆಗೆದು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಳು.

ಶುಕ್ರವಾರ ಹನ್ನೊಂದು ಗಂಟೆ. ಸಂಸ್ಥೆಯ ಉದ್ದನೆಯ ಮೇಜು, ಆಚೆ ಬದಿಗೆ ಮೇಲ್ವಿಚಾರಕಿ, ಈಚೆ ಬದಿಗೆ ಜರಡಿಯಕ್ಕ, ನಾದಿನಿ, ಆಗುತ್ತೆಬಿಡಿ. ಜರಡಿಯಕ್ಕ ಫೋನುಗಳನ್ನು ಮುಂದಿಟ್ಟು, "ನಾನು ಮುಟ್ಟಲ್ಲ, ನೀವೇ ಒತ್ತಿ," ಎಂದಳು. ಮೇಲ್ವಿಚಾರಕಿ ಅಜ್ಜನ ಪುಟ ತೆರೆದು, ಹೊಸ ಹೆಸರು ಸೇರಿಸಿ ಮೂರು ಸಲ ಒತ್ತಿದಳು. ಮೂರು ಸಲವೂ ಸೂಜಿ ಮಂಡಿನೋವಿನ ಅಜ್ಜಿಯ ಲೆಕ್ಕಕ್ಕೇ ಹೋಯಿತು.

ಮೇಲ್ವಿಚಾರಕಿ ಕುರ್ಚಿಗೆ ಒರಗಿದಳು.

"ಈಕೆ ನಿಮಗೇನಾಗ್ಬೇಕು?"

"ನಾದಿನಿ."

"ಆ್ಯಪ್ ನಿಮ್ಮದೇ, ನಾದಿನಿಯೂ ನಿಮ್ಮೋಳೇ. ದಾಖಲೆನೂ ನಿಮ್ಮ ಕೈಯಲ್ಲೇ ಇತ್ತು. ಈ ತಪ್ಪು ಸೋಮವಾರ ಇತ್ತು ಅಂತ ನಾನು ಹೇಗೆ ನಂಬ್ಲಿ? ನಿನ್ನೆ ನೀವೇ ತುರುಕಿದ್ರೆ?"

ನಾದಿನಿಯ ಕೈ ಮೇಜಿನ ಮೇಲಿದ್ದ ಪೆನ್ನಿನ ಕಡೆಗೆ ಸರಿಯಿತು. ಅಷ್ಟು ಸೋತಿದ್ದಳು. ಆಗುತ್ತೆಬಿಡಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದ.

ಜರಡಿಯಕ್ಕ ಕನ್ನಡಕದ ಡಬ್ಬಿ ತೆರೆದು ಕಾಗದ ಬಿಡಿಸಿದಳು.

"ನಾಲ್ಕು ತಿಂಗಳ ಹಿಂದಿನದು. ತಾರೀಕು ಮೇಲಿದೆ. ಕಂಡಿದ್ದು ನಾನು. ಮುಚ್ಚಬಹುದು ಅಂದಿದ್ದು ಇವರು. ಒಪ್ಪಿದ್ದು ನಾನು. ಈಗ ನಂಬ್ತೀರಾ? ನಂಬಿದ್ರೆ ಆ ಪೆನ್ನನ್ನ ಅವಳ ಮುಂದಿನಿಂದ ತೆಗೀರಿ. ಸಹಿ ಹಾಕ್ಬೇಕಾದವರು ಈ ಕಡೆ ಇಬ್ಬರು ಕೂತಿದ್ದೀವಿ."

ಮೇಲ್ವಿಚಾರಕಿ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ತಪ್ಪೊಪ್ಪಿಗೆಯ ಕಾಗದವನ್ನು ತನ್ನತ್ತ ಎಳೆದುಕೊಂಡು ಹರಿದು ಹಾಕಿದಳು.

ಮೆಟ್ಟಿಲ ಹತ್ತಿರ ನಾದಿನಿ ತಿರುಗಿ ನಿಂತಳು. ಮುಖ ಕೆಂಪಾಗಿತ್ತು.

"ನಾಲ್ಕು ತಿಂಗಳಿಂದ ಗೊತ್ತಿತ್ತಾ ನಿಮಗೆ?"

"ಒಂದು ಸಲ ಕಂಡಿತ್ತು. ಬಿಟ್ಟುಬಿಟ್ಟೆ."

"ಮೂರು ದಿನ ನನ್ನ ಕೈಯನ್ನೇ ನಾನು ನಂಬಲಿಲ್ಲ ಅತ್ತಿಗೆ. ಬಾಗಿಲಿಗೆ ಚಿಲಕ ಹಾಕಿ, ಮತ್ತೆ ಹೋಗಿ ಹಾಕಿದೀನಾ ಅಂತ ನೋಡ್ತಿದ್ದೆ. ಹುಚ್ಚಿ ಥರ." ಚೀಲವನ್ನು ಹೆಗಲಿಗೇರಿಸಿಕೊಂಡಳು. "ನಾಳೆ ಎಂಟಕ್ಕೆ ದರ್ಜಿ ಅಜ್ಜನ ಮನೆಗೆ ಹೋಗ್ತೀನಿ. ನೀವೂ ಬನ್ನಿ. ನನ್ನ ಹಿಂದೆ ಅಡಗಿಕೊಂಡಲ್ಲ, ಮುಂದೆ ನಿಂತು ಹೇಳಿ."

"ಬರ್ತೀನಿ."

"ಬೈತಾರೆ."

"ಬೈಲಿ."

ಅಜ್ಜ ಬೈದ. ಹಾಸಿಗೆಯಲ್ಲಿ ಒರಗಿ ಕೂತು, ಹಣೆಯ ಪಟ್ಟಿಯ ಕೆಳಗಿಂದ ಕಣ್ಣು ಕಿರಿದು ಮಾಡಿ ಎಲ್ಲವನ್ನೂ ಕೇಳಿದ. "ಹಾಗಾದ್ರೆ ಈ ಹುಡುಗಿ ಮರ್ತಿರಲಿಲ್ಲ," ಎಂದ. ಇಲ್ಲ ಎಂದಳು ಜರಡಿಯಕ್ಕ. "ನಾನು ಇವಳಿಗೆ ಐದು ದಿನದಿಂದ ಶಾಪ ಹಾಕ್ತಿದ್ದೀನಲ್ಲಮ್ಮ! ಅದನ್ನ ಈಗ ವಾಪಸ್ ತಗೊಳ್ಳೋದು ಹೇಗೆ?" ಆಮೇಲೆ ಶುರು ಮಾಡಿದವನು ಕಾಲು ಗಂಟೆ ನಿಲ್ಲಿಸಲಿಲ್ಲ. ಬಿದ್ದಾಗ ಒಡೆದುಹೋದ ಕನ್ನಡಕ, ಉಳುಕಿದ ಸೊಂಟ, ಅವನನ್ನು ಸಾಲು ಎಂದು ಕರೆದ ಎಲ್ಲರ ಬುದ್ಧಿ, ಒಂದನ್ನೂ ಬಿಡಲಿಲ್ಲ. ಜರಡಿಯಕ್ಕ ನಿಂತೇ ಕೇಳಿದಳು. ಕುರ್ಚಿ ಇತ್ತು, ಕೂರಲಿಲ್ಲ.

ಬೈಗುಳದ ನಡುವೆಯೇ ನಾದಿನಿ ಅಜ್ಜನ ತೋಳು ಒರೆಸಿ ಸೂಜಿ ಚುಚ್ಚಿದಳು. ಫೋನಿನಲ್ಲಿ ಒತ್ತಿದಳು. ಪುಟ ಮುಚ್ಚಿ ಮತ್ತೆ ತೆರೆದು ನೋಡಿದಳು. ಕಿಂಡಿ ಸರಿಹೋಗಿ ಹೊಸ ಆ್ಯಪ್ ಬರುವವರೆಗೆ ಕಾಗದದಲ್ಲೂ ಬರೆಯಬೇಕೆಂದು ಆಜ್ಞೆಯಾಗಿತ್ತು. ತಲೆದಿಂಬಿನ ಬಳಿ ತೂಗುಹಾಕಿದ್ದ ಹಾಳೆಯಲ್ಲಿ ಬರೆಯಲು ಪೆನ್ನಿಗಾಗಿ ಜೇಬು ತಡವಿದಳು. ಸಿಗಲಿಲ್ಲ.

ಜರಡಿಯಕ್ಕ ತನ್ನ ಪೆನ್ಸಿಲ್ ಚಾಚಿದಳು. ಎರಡು ಬೆರಳಿಗೂ ಸಿಗದಷ್ಟು ಗಿಡ್ಡವಾಗಿತ್ತು. ನಾದಿನಿ ಅವಳ ಮುಖ ನೋಡದೆ ಅದನ್ನು ತೆಗೆದುಕೊಂಡು ಸಮಯ ಬರೆದಳು. ಬರೆದು ತನ್ನ ಜೇಬಿಗೇ ಹಾಕಿಕೊಂಡಳು.