ಮೂರು ಸಲ ಬಡಿದ ಬಾಗಿಲು

ಗೋವಿನಕೋವಿಯ ದ್ಯಾಮಮ್ಮನಿಗೆ ಐವತ್ತೈದು. ಅಡಿಕೆ ಸುಲಿಯಲು ಕೂತರೆ ಕೈಗಿಂತ ಬಾಯಿ ಜೋರು. ಊರಲ್ಲಿ ಯಾರಿಗೂ ಸೊಪ್ಪು ಹಾಕಿದವಳಲ್ಲ. ಅಂಥವಳು ಸಂಜೆಯಾದ ಮೇಲೆ ತನ್ನದೇ ಮನೆಯ ನಡುಕೋಣೆಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಆ ಕೋಣೆಯಲ್ಲೇ ತಂಗಿ ಕಲ್ಪನಾ ತೀರಿಕೊಂಡಿದ್ದಳು. ತಾಯಿಯಿಲ್ಲದ ತಂಗಿಯನ್ನು ದ್ಯಾಮಮ್ಮನೇ ಹೆರಿಗೆಗೆಂದು ಕರೆತಂದಿದ್ದಳು. ಏಳು ತಿಂಗಳಿಗೆ ಏದುಸಿರು ಹತ್ತಿತು. ಬಸುರಿಯಾಗಿ ಸತ್ತವಳ್ಯಾರೋ ಎದೆ ಮೇಲೆ ಕೂತಿದ್ದಾಳೆ ಎಂದರು ಹಿರಿಯರು. ಅಡಿಕೆ ಸಿಪ್ಪೆಯ ಕೆಂಡಕ್ಕೆ ಲೋಬಾನ ಹಾಕಿ ಒಳಗಿಟ್ಟು, ಕಿಟಕಿ ಬಾಗಿಲು ಮುಚ್ಚಬೇಕು. ಒಳಗಿನಿಂದ ಬಡಿದರೂ ತೆಗೆಯಬಾರದು, ಬಡಿಯುವುದು ದೆವ್ವವೇ ಎಂದರು. ಕಲ್ಪನಾಳನ್ನು ಒಳಗೆ ಬಿಟ್ಟು ಹಾಗೇ ಮಾಡಿದರು. ಬಾಗಿಲು ಮೂರು ಸಲ ಬಡಿಯಿತು. ದ್ಯಾಮಮ್ಮ ಚಿಲಕವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಳು. ಕೊನೆಗೆ ತೆಗೆದಾಗ ಕಲ್ಪನಾ ಹೊಸ್ತಿಲ ಬಳಿ ಸತ್ತು ಬಿದ್ದಿದ್ದಳು.

ಈಗ ಮಗಳು ರಕ್ಷಾ ಸಂತೇಬೆನ್ನೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಅವಳಿಗೂ ಏಳು ತಿಂಗಳು. ಕೊಡ ಎತ್ತುವುದಿರಲಿ, ಸುಮ್ಮನೆ ಕೂತಾಗಲೂ ಉಸಿರನ್ನು ಆಳದಿಂದ ಎಳೆಯುತ್ತಾಳೆ. ಅದು ಕಲ್ಪನಾಳದ್ದೇ ಸದ್ದು. ತಂಗಿ ತಿರುಗಿ ಬಂದಳು ಎಂದು ದ್ಯಾಮಮ್ಮನ ಜೀವ ಬಾಯಿಗೆ ಬಂತು. ಇದ್ದೊಬ್ಬ ಮಗಳನ್ನು ಬಿಟ್ಟುಕೊಡುವುದುಂಟೇ? ಹೆದರಿದ ಹೆಂಗಸಿಗೆ ಬುದ್ಧಿ ಹೇಳುವವರಾದರೂ ಯಾರು? ದೆವ್ವ ಇರುವಲ್ಲಿಂದಲೇ ಓಡಿಸಬೇಕೆಂದು ಮಗಳನ್ನು ಅದೇ ಕೋಣೆಯಲ್ಲಿ ಮಲಗಿಸಿ, ಕೆಂಡದ ಮಡಕೆ ಇಟ್ಟು, ಹೊರಗಿನಿಂದ ಚಿಲಕ ಹಾಕಿದಳು.

ಹೊತ್ತು ಮುಳುಗುವಾಗ ಆಶಾ ಕಾರ್ಯಕರ್ತೆ ಅನ್ನಪೂರ್ಣ ಬಂದಳು.

"ರಕ್ಷಾಗೆ ಉಸಿರು ಕಟ್ಟತೈತೆ," ಎಂದಳು ದ್ಯಾಮಮ್ಮ. ಕೆಂಡದ ಸುದ್ದಿ ಎತ್ತಲಿಲ್ಲ.

"ಬಸುರೀರಿಗೆ ಅದು ಇದ್ದದ್ದೇ ದ್ಯಾಮಕ್ಕಾ. ಮಗೂಗೂ ಬೇಕಲ್ಲ, ಅದಕ್ಕೇ ಮೈ ಉಸಿರನ್ನ ಆಳಕ್ಕೆ ಎಳೀತೈತೆ. ಗರ್ಭ ಮೇಲಕ್ಕೆ ಒತ್ತಿ ಎದೆಗೂಡಿನಾಗೆ ಜಾಗಾನೂ ಕಮ್ಮಿ ಆಗ್ತೈತೆ. ದಿಂಬು ಎತ್ತರಕ್ಕಿಟ್ಟು ಮಲಗಿಸ್ರಿ. ಎದೆ ನೋವು ಬಂದ್ರೆ, ತುಟಿ ನೀಲಿ ಆದ್ರೆ ಆಸ್ಪತ್ರೆಗೆ ಓಡಬೇಕು." ಅನ್ನಪೂರ್ಣ ಮೂಗರಳಿಸಿದಳು. "ಎಲ್ಲಿಂದ ಬರತೈತೆ ಈ ಲೋಬಾನದ ವಾಸನೆ? ಮುಚ್ಚಿದ ಕೋಣೆಯಾಗೆ ಕೆಂಡ ಇಟ್ಟೀರೇನು? ಅದರ ಗಾಳಿ ವಿಷ ಕಣ್ರೀ, ಜೀವ ತೆಗೀತೈತೆ."

ದ್ಯಾಮಮ್ಮ ನಡುಕೋಣೆಯ ಬಾಗಿಲಿಗೆ ಓಡಿದಳು. ಹಾಗಾದರೆ ಅಂದು ಬಡಿದದ್ದು ಕಲ್ಪನಾ. ಅಷ್ಟರಲ್ಲಿ ಬಾಗಿಲು ಬಡಿಯಿತು. ಮೂರು ಸಲ.

ಹಳೆಯ ಹೆದರಿಕೆಗೆ ಕೈ ಚಿಲಕವನ್ನು ಬಿಗಿಹಿಡಿಯಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಎಳೆದು ತೆಗೆದಳು.

ರಕ್ಷಾ ದೂರದ ಮೂಲೆಯ ಮಂಚದಲ್ಲಿ ಎಚ್ಚರವಿಲ್ಲದಂತೆ ಬಿದ್ದಿದ್ದಳು. ಇಬ್ಬರೂ ಸೇರಿ ಅಂಗಳಕ್ಕೆ ಹೊತ್ತು ತಂದ ಮೇಲೆ ಕಣ್ಣು ಬಿಟ್ಟಳು. ಅನ್ನಪೂರ್ಣ ಅವಳ ಬೆರಳಿಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಪುಟ್ಟ ಮಿಷಿನ್ ತೊಂಬತ್ತೆಂಟು ತೋರಿಸಿತು. "ಇದನ್ನ ನಂಬಂಗಿಲ್ಲ, ಕೆಂಡದ ವಿಷ ಇದಕ್ಕೆ ಗೊತ್ತಾಗಲ್ಲ," ಎಂದು ಅನ್ನಪೂರ್ಣ ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಮಗುವಿನ ಎದೆಬಡಿತ ಸರಿಯಾಗಿತ್ತು. ದ್ಯಾಮಮ್ಮ ಮಗಳ ಪಾದ ಹಿಡಿದು ಕೂತಿದ್ದಳು.

"ಅಂಥಾ ಸ್ಥಿತಿಯಾಗೂ ಎದ್ದು ಬಾಗಿಲು ಬಡಿದೆಯಲ್ಲ ನನ್ನವ್ವ."

"ನಾನಾ? ನಂಗೆ ಏಳಾಕೇ ಆಗ್ಲಿಲ್ಲ ಅವ್ವ. ಹೊಸ್ತಿಲ ಹತ್ರ ಯಾರೋ ಬಸುರಿ ಕೂತಿದ್ಲು. ಅವಳೇ ಬಡಿದ್ಲು."

 ದ್ಯಾಮಮ್ಮ ಮೂವತ್ತು ವರ್ಷ ದೆವ್ವವೆಂದು ಹೆದರಿದ್ದ ತಂಗಿಯನ್ನು ಹೆಸರು ಹಿಡಿದು ಕರೆದು ಅತ್ತಳು.