ತರಿ ಉಜ್ಜಲು ಒಪ್ಪದ ಮರಗದಂ

ಚೆನ್ನೈ ಹತ್ತಿರದ ಒರಗಡಂನ ಕಾರು ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಶುರುವಾಗುವಾಗ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಬಣ್ಣದ ವಿಭಾಗದ ಕೊನೆಯಲ್ಲಿ ಮರಗದಂ ಕಪ್ಪು ಕಾರಿನ ಬಾಗಿಲ ಮೇಲೆ ಅಂಗೈ ಆಡಿಸುತ್ತಾರೆ. ಕನ್ನಡಿಯಂತಿರಬೇಕಾದ ಬಣ್ಣ ಅಲ್ಲಲ್ಲಿ ಕಿತ್ತಳೆ ಸಿಪ್ಪೆಯಂತೆ ತರಿತರಿ. ಒದ್ದೆ ಎಮರಿ ಕಾಗದದಿಂದ ತರಿ ಉಜ್ಜುತ್ತಾರೆ, ಯಂತ್ರ ಹಿಡಿದು ಹೊಳಪು ತರುತ್ತಾರೆ. ಕೊಳ್ಳುವವರು ಮುಖ ನೋಡಿಕೊಂಡು ಹಿಗ್ಗುವುದು ಈ ಹೊಳಪಿನಲ್ಲೇ.

ಕಾರ್ಖಾನೆ ಎದ್ದ ನೆಲದಲ್ಲಿ ಹಿಂದೆ ಅವರ ಅಪ್ಪ ಕುರಿ ಮೇಯಿಸುತ್ತಿದ್ದರು. ಮಗಳಿಗೆ ಸಿಕ್ಕಿದ್ದು ಗುತ್ತಿಗೆ ಕೆಲಸ. ಯಂತ್ರದ ಅದುರಾಟಕ್ಕೆ ಬೆರಳು ಜೋಮು ಹಿಡಿದು, ಮನೆಯಲ್ಲಿ ಸಾಂಬಾರಿನ ಸೌಟೂ ಜಾರುತ್ತದೆ.

ಕಳೆದ ಬೇಸಿಗೆಯಲ್ಲಿ ಮೇಲಿನವರು ಕಾರುಗಳು ಸಾಗಿಬರುವ ಸಾಲಿನ ಓಟ ಹೆಚ್ಚಿಸಿದರು. ಸಿಂಪಡಿಸಿದ ಬಣ್ಣಕ್ಕೆ ಸಮನಾಗಿ ಹರಡಿಕೊಳ್ಳಲು ಪುರಸೊತ್ತಿಲ್ಲ; ಬಂದ ಕಾರೆಲ್ಲ ತರಿ. ದೂರು ಬಂದಾಗ ಗುತ್ತಿಗೆ ಕೆಲಸದ ಅಂಜುಗಂ ಸರಿಯಾಗಿ ಉಜ್ಜಲಿಲ್ಲವೆಂದು ಅವಳನ್ನು ಹೊರಹಾಕಿದರು. ಅವಳು ಮರಗದಂ ಜೊತೆಗೇ, ಕಾರಿನ ಆಚೆ ಬದಿಯಲ್ಲಿ ನಿಂತು ಉಜ್ಜುತ್ತಿದ್ದವಳು.

ಮರುದಿನ ಮರಗದಂ ಯಂತ್ರ ಕೆಳಗಿಟ್ಟರು. ಮೇಲ್ವಿಚಾರಕ ಇಳಂಗೋ ಓಡಿಬಂದು ಪಿಸುಗುಟ್ಟಿದ: "ಉಜ್ಜಿಬಿಡಿ ಅಕ್ಕಾ. ತಪ್ಪು ಎಲ್ಲಿದೆ ಅಂತ ನಂಗೂ ಗೊತ್ತು, ಮೇಲಿನವ್ರಿಗೂ ಗೊತ್ತು."

"ಗೊತ್ತಿದ್ದೂ ಅವಳನ್ನ ಆಚೆ ಹಾಕಿದ್ರಾ ತಂಬಿ? ಹಂಗಾದ್ರೆ ಈ ಸಿಪ್ಪೆ ಹಂಗೇ ಹೋಗ್ಲಿ. ಕೊಂಡವರೂ ನೋಡ್ಲಿ."

ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಕೈ ಕಟ್ಟಿದರು. ಸಾಲು ನಿಂತಿತು. ಇಳಿದು ಬಂದ ಮ್ಯಾನೇಜರು ಎಲ್ಲರನ್ನೂ ಮನೆಗೆ ಕಳಿಸುತ್ತೇನೆಂದು ಹೆದರಿಸಿದರು. ಯಾರೂ ಜಗ್ಗಲಿಲ್ಲ. ಸಂಜೆಯೊಳಗೆ ಮೇಲಿನವರು ಓಟ ತಗ್ಗಿಸಿದರು, ತರಿಯೂ ತಗ್ಗಿತು. ಗುಣಮಟ್ಟ ಸುಧಾರಿಸಿತೆಂದು ಮ್ಯಾನೇಜರಿಗೆ ಶಾಲು ಹೊದಿಸಿದ್ದೂ ಆಯಿತು. ಅಂಜುಗಂಳನ್ನು ಮಾತ್ರ ಯಾರೂ ಮರಳಿ ಕೆಲಸಕ್ಕೆ ಕರೆಯಲಿಲ್ಲ. ಅವಳೀಗ ಸೀಗಡಿ ಸುಲಿಯುವ ಶೆಡ್ಡಿನಲ್ಲಿ ದಿನವಿಡೀ ಐಸಿನ ನೀರಿನಲ್ಲಿ ಕೈಯಿಟ್ಟು ಕೂತಿದ್ದಾಳೆ. ಕೈಲಾಗದವಳೆಂದು ಅತ್ತೆ ಈಗಲೂ ಹಂಗಿಸುತ್ತಾಳೆ.

ಏನು ಆಸೆ ಎಂದು ಕೇಳಿದರೆ ಮರಗದಂ ದನಿ ಗಡುಸಾಗುತ್ತದೆ. "ಮ್ಯಾನೇಜರು ಅವಳ ಮನೆಗೆ ಹೋಗ್ಲಿ. ಅತ್ತೆ ಮುಂದೆ ನಿಂತು, ತಪ್ಪು ನಮ್ಮದು ಅಂತ ಬಾಯಿಬಿಟ್ಟು ಹೇಳ್ಲಿ. ಕೆಲಸದ ಮಾತು ಆಮೇಲೆ."

ಹೇಳುತ್ತಾರೆಯೇ?

"ದಿನಾ ಎದುರಿಗೆ ಸಿಕ್ಕಾಗ ಕೇಳ್ತೀನಿ. ಈಗೀಗ ನನ್ನ ಕಂಡ್ರೆ ಬೇರೆ ದಾರೀಲಿ ಹೋಗ್ತಾರೆ. ಆ ದಾರೀನೂ ನಂಗೆ ಗೊತ್ತು."