ಬೇರಿಯಂ ಕುಡಿದ ಶಿವಗಂಗಮ್ಮ

ದಂಡಿಗನಹಳ್ಳಿಯ ಶಿವಗಂಗಮ್ಮನ ಬಾಯಿಗೆ ಊರೇ ಹೆದರುತ್ತಿತ್ತು; ಆಕೆ ಹೆದರುತ್ತಿದ್ದುದು ತನ್ನ ಹೊಟ್ಟೆನೋವಿಗೆ ಮಾತ್ರ. ಪಕ್ಕದ ಮನೆಯಲ್ಲೇ ಇದ್ದ ಓರಗಿತ್ತಿ ನೀಲಾಂಬಿಕೆ ಯಾವುದೋ ಊಟದಲ್ಲಿ ಕೈಮದ್ದು ಹಾಕಿದ್ದಾಳೆ, ಅದೇ ಒಳಗೆ ಕೂತು ಕಾಡುತ್ತಿದೆ ಎಂದು ಆಕೆಯ ನಂಬಿಕೆ. ಹೀಗಾಗಿ ಇಬ್ಬರಿಗೂ ವರ್ಷಗಳಿಂದ ಮಾತಿಲ್ಲ. ಮದ್ದು ಕಕ್ಕಿಸುವವರನ್ನೆಲ್ಲ ಸುತ್ತಿ ಬಂದರೂ ನೋವು ಜಗ್ಗಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಗಂಡ ಈಶ್ವರಯ್ಯ ಆಕೆಯನ್ನು ಹಾಸನಕ್ಕೆ, ಎಕ್ಸ್‌ರೇ ಯಂತ್ರ ಇಟ್ಟಿದ್ದ ಡಾಕ್ಟರ ಬಳಿಗೆ ಕರೆದೊಯ್ದ. ಡಾಕ್ಟರು ಹೊಟ್ಟೆ ಅದುಮಿ ನೋಡಿದರು. ಕರುಳು ತೂತಾಗಿದ್ದರೆ ತಾವು ಮಾಡಲಿದ್ದ ಪರೀಕ್ಷೆಯೇ ಅಪಾಯ; ಅಂಥ ಲಕ್ಷಣ ಇಲ್ಲವೆಂದು ಖಾತ್ರಿಯಾದ ಮೇಲೆ ಲೋಟದ ತುಂಬ ಬೆಳ್ಳಗೆ ಮಂದವಾಗಿದ್ದ ಏನನ್ನೋ ಕೊಟ್ಟರು.

“ಇದೇನ್ ಸಾ, ಗ್ವಾಡೆ ಸುಣ್ಣ ಕುಡುಸ್ತೀರಾ?”

“ಬೇರಿಯಂ ಅಮ್ಮ. ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಬರೀ ಹೊಟ್ಟೆ ಸರಿಯಾಗಿ ಕಾಣಲ್ಲ. ಇದು ಒಳಗೆ ಹೋದರೆ ಹೊಟ್ಟೆಯ ಆಕಾರ ಎದ್ದು ಕಾಣುತ್ತೆ. ಮೈಗೆ ಹತ್ತಲ್ಲ, ಹೊರಗೆ ಹೋಗಿಬಿಡುತ್ತೆ. ಆದರೆ ಆಮೇಲೆ ಚೆನ್ನಾಗಿ ನೀರು ಕುಡೀಬೇಕು. ಇಲ್ಲದಿದ್ದರೆ ಕರುಳಲ್ಲಿ ಗಾರೆ ಥರ ಗಟ್ಟಿಯಾಗುತ್ತೆ.”

ಮೂಗು ಹಿಡಿದು ಕುಡಿದಳು. ಕತ್ತಲೆ ಕೋಣೆಯಲ್ಲಿ ಯಂತ್ರ ಗುಂಯ್‌ಗುಟ್ಟಿತು. ಬಹಳ ಹೊತ್ತಿನ ಮೇಲೆ ಡಾಕ್ಟರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಟ್ಟೆಯ ಅಂಚಿನಲ್ಲಿ ಬೇರಿಯಂ ಹೊಕ್ಕು ನಿಂತಿದ್ದ ಪುಟ್ಟ ಗುಳಿಯೊಂದನ್ನು ತೋರಿಸಿದರು.

“ಇದು ಹುಣ್ಣು. ಖಾರ ಬಿಡಿ, ಹಾಲು ಕುಡೀರಿ, ಪುಡಿ ಕೊಡ್ತೀನಿ.”

“ಮದ್ದು ಎಲ್ಲೈತೆ ಸಾ?”

“ಯಾರೂ ಏನೂ ಹಾಕಿಲ್ಲ ತಾಯಿ.”

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆಕೆಗೆ ನೀಲಾಂಬಿಕೆಯದೇ ಯೋಚನೆ. ಏನೂ ಮಾಡದವಳನ್ನು ಇಷ್ಟು ಕಾಲ ಶಪಿಸಿದೆನಲ್ಲ ಎಂಬ ನಾಚಿಕೆಯಲ್ಲಿ ನೀರಿನ ಮಾತು ಮರೆತೇ ಹೋಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಹೊಟ್ಟೆ ಕಲ್ಲಾಯಿತು. ಬೆಳಿಗ್ಗೆ ಚೊಂಬು ಹಿಡಿದು ಬೇಲಿಯಾಚೆ ಹೋದವಳು ಹೋದ ಹಾಗೇ ವಾಪಸು ಬರುತ್ತಿದ್ದಳು. ನರಳಾಟ ಗೋಡೆಯಾಚೆಗೂ ಕೇಳಿ, ನೀಲಾಂಬಿಕೆ ಹರಳೆಣ್ಣೆ, ಬಿಸಿನೀರು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

“ನನ್ ಕೈಯಿಂದ ಕುಡೀತೀಯೇನಕ್ಕ?”

“ತಾ ಇಲ್ಲಿ. ಮದ್ದು ಆಕಿದ್ರೂ ಕುಡೀತೀನಿ. ತಪ್ಪಾಯ್ತು ಕಣೆ ನೀಲಾ.”

ನೀಲಾಂಬಿಕೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಪಕ್ಕದಲ್ಲೇ ಕೂತು ಸಂಜೆಯವರೆಗೂ ನೀರು ಕುಡಿಸಿದಳು. ಮಾರನೆಯ ಬೆಳಿಗ್ಗೆ ಶಿವಗಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಹಾಲು, ಪುಡಿಗಳಿಂದ ಹುಣ್ಣೂ ನಿಧಾನವಾಗಿ ಮಾಯಿತು.

ಆಮೇಲೆ ಬಾಗೂರು ಸಂತೆಗೆ ಓರಗಿತ್ತಿಯರಿಬ್ಬರೂ ಒಂದೇ ಗಾಡಿಯಲ್ಲಿ ಹೋಗತೊಡಗಿದರು. ವರ್ಷಗಟ್ಟಲೆ ಬಾಕಿ ಉಳಿದಿದ್ದ ಮಾತೆಲ್ಲ ದಾರಿಯಲ್ಲೇ ಮುಗಿಯಬೇಕಲ್ಲ. ಕೇಳುತ್ತ ಕೂತ ಈಶ್ವರಯ್ಯನಿಗೆ ಎತ್ತು ಹೊಡೆಯುವುದೇ ಮರೆಯುತ್ತಿತ್ತು.